ಉಳಿಕೆ ನೀರಿನ ಜಲಪಾತ

ಜೋಗದಲ್ಲಿ ಶರಾವತಿ ಬೀಳುವ ಕಣಿವೆಯ ಎರಡೂ ಬದಿಗೆ ಒಂದೊಂದು ಬಂಗಲೆಯಿತ್ತು. ಸಾಗರದ ಕಡೆಯದು ಮೈಸೂರು ಬಂಗಲೆ, ಸಿದ್ದಾಪುರದ ಕಡೆಯದು ಬಾಂಬೆ ಬಂಗಲೆ. ಆಗ ನದಿಯೇ ಗಡಿ. ಈಚೆಗೆ ಒಡೆಯರ ರಾಜ್ಯ, ಆಚೆಗೆ ಬ್ರಿಟಿಷರ ಉತ್ತರ ಕನ್ನಡ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಹೋದದ್ದರಿಂದ ಬಂಗಲೆಗೂ ಬಾಂಬೆಯ ಹೆಸರು ಅಂಟಿತು. ಎರಡು ಸರ್ಕಾರಗಳು ಒಂದೇ ಜಲಪಾತವನ್ನು ತಮ್ಮ ತಮ್ಮ ಕಿಟಕಿಯಿಂದ ನೋಡುತ್ತಿದ್ದವು. ಇಂಗ್ಲಿಷರ ಕಾಗದಪತ್ರಗಳಲ್ಲಿ ಇದು ಜೋಗವೂ ಅಲ್ಲ, ಗೇರುಸೊಪ್ಪೆಯ ಜಲಪಾತ. ವೈಸರಾಯ್ ಕರ್ಜನ್ 1900ರಲ್ಲಿ ಬಂದಾಗ ನೋಡಿದ್ದು ಆ ಹೆಸರಿನ ಜಲಪಾತವನ್ನು.

ಈ ಬಂಗಲೆಗಳನ್ನು ಕಟ್ಟಿಸಿದ್ದು ಪ್ರವಾಸಿಗರಿಗಾಗಿ ಎಂದು ಇಂದಿನ ಓದುಗರು ಅಂದುಕೊಂಡರೆ ಅದು ಸಹಜ. ಹೆಸರೇ ಹಾಗಿದೆ: ಟ್ರಾವೆಲರ್ಸ್ ಬಂಗ್ಲೆ, ಕನ್ನಡದಲ್ಲಿ ಪ್ರವಾಸಿ ಮಂದಿರ, ಜನರ ಬಾಯಲ್ಲಿ ಟಿ.ಬಿ. ಅದರ ಜೋಡಿ ಐ.ಬಿ., ಅಂದರೆ ಇನ್ಸ್‌ಪೆಕ್ಷನ್ ಬಂಗ್ಲೆ, ಪರಿವೀಕ್ಷಣಾ ಮಂದಿರ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಐ.ಬಿ. ರಸ್ತೆ, ಟಿ.ಬಿ. ಸರ್ಕಲ್ ಇವತ್ತಿಗೂ ಉಳಿದಿವೆ. (ಹೊಸಪೇಟೆಯ ಟಿ.ಬಿ. ಡ್ಯಾಮ್ ಬೇರೆ, ಅದು ತುಂಗಭದ್ರೆ.) ಆದರೆ ಈ ಮಂದಿರಗಳ ಪ್ರವಾಸಿ ಯಾರು? ಜಮಾಬಂದಿಗೆ ಹೊರಟ ಅಮಲ್ದಾರ, ಸೇತುವೆ ನೋಡಲು ಬಂದ ಇಂಜಿನಿಯರ್, ಕಾಡಿನ ಲೆಕ್ಕ ಹಿಡಿಯಲು ಬಂದ ರೇಂಜರ್, ವರ್ಷಕ್ಕೊಮ್ಮೆ ಸವಾರಿ ಬರುವ ಡೆಪ್ಯುಟಿ ಕಮಿಷನರ್. ಕಟ್ಟಡ ಲೋಕೋಪಯೋಗಿ ಇಲಾಖೆಯದು. ಬೀಗದ ಕೈ ಮೇಟಿಯ ಹತ್ತಿರ. ಕೋಣೆ ಖಾಲಿಯಿದ್ದರೆ, ಮೇಲಿನವರ ಚೀಟಿಯಿದ್ದರೆ, ಕೋಳಿ ಸಾರಿಗೆ ಮುಂಗಡ ಕೊಟ್ಟರೆ, ಸರ್ಕಾರಿ ಕೆಲಸವಿಲ್ಲದ ಮನುಷ್ಯನೂ ಒಂದು ರಾತ್ರಿ ತಂಗಬಹುದಿತ್ತು. ಅಧಿಕಾರಿ ಬಂದರೆ ಆತ ಜಾಗ ಬಿಡಬೇಕು.

ಮೈಸೂರು ಸೀಮೆಯಲ್ಲಿ ಪ್ರವಾಸೋದ್ಯಮ ಹುಟ್ಟಿದ್ದು ಹೀಗೆ, ಬೇರೆ ಇಲಾಖೆಗಳ ಉಳಿಕೆಯಲ್ಲಿ. ನೋಡುವವನಿಗೆ ಸಿಕ್ಕಿದ್ದು ಅಧಿಕಾರಿಗೆ ಬೇಡವಾದ ಕೋಣೆ. ಮುಂದೆ ಅದೇ ಜೋಗದಲ್ಲಿ ಅವನಿಗೆ ಸಿಕ್ಕಿದ್ದು ವಿದ್ಯುತ್ತಿಗೆ ಬೇಡವಾದ ನೀರು.

ಜಲಪಾತದ ಎತ್ತರ 253 ಮೀಟರ್, ಹಳೆಯ ಲೆಕ್ಕದಲ್ಲಿ 830 ಅಡಿ. ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲು. ಸೌಂದರ್ಯಕ್ಕೂ ವಿದ್ಯುತ್ತಿಗೂ ಇಲ್ಲಿ ಬೇಕಾದ ಸರಕು ಒಂದೇ: ಎತ್ತರ. ಅಷ್ಟು ಎತ್ತರದಿಂದ ಬೀಳುವ ನೀರು ಬಯಲಿನಲ್ಲಿ ಬಿದ್ದರೆ ನೋಟ, ಕೊಳವೆಯೊಳಗೆ ಬಿದ್ದರೆ ಕರೆಂಟು. ಎರಡೂ ಕಡೆ ಒಟ್ಟಿಗೆ ಬೀಳಲಾರದು. ವಿಶ್ವೇಶ್ವರಯ್ಯನವರು ಜೋಗದ ಮುಂದೆ ನಿಂತು ಎಷ್ಟು ಶಕ್ತಿ ಪೋಲಾಗುತ್ತಿದೆ ಎಂದು ಮರುಗಿದರೆಂಬ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಆ ಕತೆಯನ್ನು ನಾವು ಹೆಮ್ಮೆಯಿಂದ ಹೇಳುತ್ತ ಬಂದಿದ್ದೇವೆ, ಜಲಪಾತದ ಬಗ್ಗೆಯೂ ಅಷ್ಟೇ ಹೆಮ್ಮೆಯಿಂದ ಮಾತಾಡುತ್ತೇವೆ. ಎರಡರ ನಡುವಿನ ಜಗಳ ನಮ್ಮನ್ನು ಅಷ್ಟಾಗಿ ಕಾಡಿಲ್ಲ.

ಇನ್ನೊಂದು ಕತೆ ಗಾಂಧೀಜಿಯದು. 1927ರ ಮೈಸೂರು ಪ್ರವಾಸದಲ್ಲಿ ಅವರು ಸಾಗರದವರೆಗೆ ಬಂದರು. ಜತೆಯಲ್ಲಿದ್ದ ಕಾಕಾ ಕಾಲೇಲ್ಕರ್ ಜೋಗ ನೋಡಿಬಂದರು, ಅದರ ಬಗ್ಗೆ ಮನಸೋತು ಬರೆದರು. ಗಾಂಧೀಜಿ ಹೋಗಲಿಲ್ಲ. ಇಪ್ಪತ್ತೊಂದು ವರ್ಷದ ನಂತರ, 1948ರಲ್ಲಿ, ಜೋಗದ ಬುಡದಲ್ಲಿ ವಿದ್ಯುದಾಗಾರ ಕೆಲಸ ಶುರುಮಾಡಿತು. ನಾಲ್ವಡಿ ಕೃಷ್ಣರಾಜೇಂದ್ರರ ಹೆಸರಿನಲ್ಲಿ ಆರಂಭವಾದ ಆ ಯೋಜನೆಗೆ 1949ರಲ್ಲಿ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಎಂದು ಹೆಸರಿಟ್ಟರು. ಜಲಪಾತವನ್ನು ನೋಡಲು ಹೋಗದವರ ಹೆಸರು ಜಲಪಾತದ ನೀರನ್ನು ತಿರುಗಿಸಿದ ಯಂತ್ರಕ್ಕೆ ಬಂತು. ಇದರಲ್ಲಿ ಯಾರ ಕುಹಕವೂ ಇಲ್ಲ. ಆ ದಶಕದಲ್ಲಿ ದೊಡ್ಡ ಯಂತ್ರಕ್ಕೆ ಇಡಬೇಕಾದದ್ದು ದೊಡ್ಡ ಹೆಸರು, ಅಷ್ಟೆ.

ಆ ವಿದ್ಯುದಾಗಾರಕ್ಕಾಗಿ ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ನೀರು ಹೆಚ್ಚಾದಾಗ ತಾನಾಗಿಯೇ ಹೊರಹರಿಯುವ ಸೈಫನ್‌ಗಳಿದ್ದ ಅಣೆಕಟ್ಟು ಅದು. ಆದರೆ ಅದರ ಆಯುಸ್ಸು ಹದಿನೈದು ಚಿಲ್ಲರೆ ವರ್ಷ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಹಿರೇಭಾಸ್ಕರವೇ ಮುಳುಗಿತು. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1819 ಅಡಿ, ಸಾಮರ್ಥ್ಯ 151 ಟಿಎಂಸಿಗೂ ಮೇಲೆ. ಅಲ್ಲಿಂದ ನೀರು ತಲಕಳಲೆಯ ಸಮತೋಲನ ಜಲಾಶಯಕ್ಕೆ, ಅಲ್ಲಿಂದ ದಪ್ಪ ಕೊಳವೆಗಳಲ್ಲಿ ಕಣಿವೆಯ ತಳದ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. 1977ರ ಹೊತ್ತಿಗೆ ಹತ್ತು ಘಟಕಗಳೂ ತಿರುಗುತ್ತಿದ್ದವು, ಒಟ್ಟು 1035 ಮೆಗಾವ್ಯಾಟ್. ಮುಂದೆ ಅಣೆಕಟ್ಟಿನ ಬುಡದಲ್ಲೊಂದು, ಗೇರುಸೊಪ್ಪೆಯಲ್ಲೊಂದು ವಿದ್ಯುದಾಗಾರ ಸೇರಿ, ಒಂದೇ ನೀರು ಕಡಲು ಸೇರುವುದರೊಳಗೆ ಹಲವು ಸಲ ದುಡಿಯತೊಡಗಿತು. ಬೆಂಗಳೂರಿನ ಕಾರ್ಖಾನೆಗಳು, ಭದ್ರಾವತಿಯ ಉಕ್ಕು, ಲಕ್ಷಾಂತರ ಪಂಪ್‌ಸೆಟ್ಟುಗಳು ಈ ಕರೆಂಟಿನ ಮೇಲೆ ನಿಂತವು. ಇದನ್ನು ಹಗುರ ಮಾಡಿ ಮಾತಾಡುವಂತಿಲ್ಲ. 1960, 70ರ ದಶಕಗಳಲ್ಲಿ ರಾಜ್ಯದ ದೀಪ ಉರಿದದ್ದು ಬಹುಪಾಲು ಶರಾವತಿಯಿಂದ.

ಆದರೆ ಅಂದಿನಿಂದ ಜೋಗ ವರ್ಷವಿಡೀ ಬೀಳುವ ಜಲಪಾತವಾಗಿ ಉಳಿಯಲಿಲ್ಲ. ಈಗ ಮಳೆಗಾಲದಲ್ಲಿ ಕಾಣುವ ಭೋರ್ಗರೆತ ಹೆಚ್ಚಾಗಿ ಅಣೆಕಟ್ಟಿನ ಕೆಳಗೆ, ಜಲಪಾತದ ಮೇಲೆ ಬಿದ್ದ ಮಳೆಯದು. ಜಲಾಶಯ ತುಂಬಿ ಗೇಟು ತೆಗೆದ ವರ್ಷ ಬಂದರೆ ಅದೃಷ್ಟ. ಆಗ ಟಿ.ವಿ.ಯವರು ಓಡುತ್ತಾರೆ, ಸಾಗರದ ರಸ್ತೆಯಲ್ಲಿ ವಾಹನ ನಿಲ್ಲಿಸಲು ಜಾಗವಿರುವುದಿಲ್ಲ. ಚಳಿಗಾಲ ಕಳೆದರೆ ನಾಲ್ಕು ಬಿಳಿ ದಾರ. ಮಾರ್ಚಿನಲ್ಲಿ ಮುಂಬೈಯಿಂದಲೋ ಹೈದರಾಬಾದಿನಿಂದಲೋ ಬಂದು ರೇಲಿಂಗ್ ಹಿಡಿದು ನಿಂತವರಿಗೆ ಕಾಣುವುದು ಕಪ್ಪು ಬಂಡೆ.

ಕನ್ನಡಿಗರ ಮನಸ್ಸಿನ ಜೋಗ ಮಾತ್ರ ಬತ್ತಿಲ್ಲ. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ದ ಧ್ವನಿಸುರುಳಿ ಬಂದದ್ದು 1978ರಲ್ಲಿ. ಶರಾವತಿಯ ಕೊನೆಯ ಘಟಕ ತಿರುಗತೊಡಗಿ ಹೆಚ್ಚೆಂದರೆ ಒಂದು ವರ್ಷವಾಗಿತ್ತು. ‘ಜೀವನ ಚೈತ್ರ’ದ ರಾಜಕುಮಾರ್ ಜೋಗದೆದುರು ಹಾಡಿದ್ದು 1992ರಲ್ಲಿ. ಸಿನಿಮಾದವರು ನೀರಿದ್ದಾಗ ಹೋಗಿದ್ದರು. ಹೊರನಾಡಿನ ಕನ್ನಡ ಸಂಘಗಳ ನವೆಂಬರ್ ಕಾರ್ಯಕ್ರಮದ ಪರದೆಯ ಮೇಲೆ ಬೀಳುವ ಜೋಗ ಯಾವಾಗಲೂ ಆಗಸ್ಟಿನ ಜೋಗ.

ನೀರಿನ ಯಜಮಾನಿಕೆ ಮೊದಲು ವಿದ್ಯುತ್ ಮಂಡಳಿಯದು. 1970ರಲ್ಲಿ ವಿದ್ಯುತ್ ನಿಗಮ ಹುಟ್ಟಿತು, ಅದೇ ಇಂದಿನ ಕೆಪಿಸಿಎಲ್. ದಡದ ಕಾಡು ಅರಣ್ಯ ಇಲಾಖೆಯದು. ಐ.ಬಿ. ಲೋಕೋಪಯೋಗಿಯದು. ಮಯೂರ ಗೇರುಸೊಪ್ಪ ಎಂಬ ಹೋಟೆಲು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ್ದು. ಒಂದು ದಡ ಶಿವಮೊಗ್ಗ ಜಿಲ್ಲೆ, ಇನ್ನೊಂದು ದಡ ಉತ್ತರ ಕನ್ನಡ. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಸೇರಿದವು, ಆದರೆ ಜಿಲ್ಲಾಧಿಕಾರಿಗಳು ಇಬ್ಬರೇ ಉಳಿದರು. ಇವೆಲ್ಲವನ್ನು ಹೊಲಿಯಲು ಜೋಗ ನಿರ್ವಹಣಾ ಪ್ರಾಧಿಕಾರ ಮಾಡಿದರು. ಪ್ರಾಧಿಕಾರ ಮೆಟ್ಟಿಲು ಕಟ್ಟಿಸಬಹುದು, ಟಿಕೆಟ್ ಹರಿಯಬಹುದು, ಕಸ ಗುಡಿಸಬಹುದು. ಜಲಪಾತಕ್ಕೆ ನೀರು ಬಿಡುವ ಅಧಿಕಾರ ಅದರ ಕೈಯಲ್ಲಿಲ್ಲ. ಹಾಗಾಗಿ ಜೋಗದಲ್ಲಿ ಸಂಗೀತ ಕಾರಂಜಿ ಬಂತು, ಲೇಸರ್ ಬೆಳಕು ಬಂತು. 253 ಮೀಟರ್ ಜಲಪಾತದ ಪಕ್ಕದಲ್ಲಿ ಪಂಪಿನಿಂದ ಮೇಲೆ ಚಿಮ್ಮಿಸುವ ನೀರಿಗೆ ಚಪ್ಪಾಳೆ. ಇಲಾಖೆಯ ಕಣ್ಣಿನಿಂದ ನೋಡಿದರೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ತನ್ನ ಕೈಯಲ್ಲಿರುವ ನೀರನ್ನು ತಾನೇ ಕುಣಿಸಬೇಕಷ್ಟೆ.

ಕಾರಂಜಿಯ ಈ ಮಾದರಿ ಬಂದದ್ದು ಕನ್ನಂಬಾಡಿಯಿಂದ. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕೃಷ್ಣರಾಜಸಾಗರದ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಒಂದು ಉದ್ಯಾನ ಬೆಳೆಸಿದರು. ಕಾಶ್ಮೀರದ ಶಾಲಿಮಾರ್ ಬಾಗ್ ಅವರ ಮನಸ್ಸಿನಲ್ಲಿತ್ತು, ಲಾಲ್‌ಬಾಗಿನ ಜರ್ಮನ್ ತೋಟಗಾರ ಕ್ರುಂಬಿಗಲ್ ಕೈ ಜೋಡಿಸಿದರು. ಮೆಟ್ಟಿಲುಮೆಟ್ಟಿಲಾದ ತೋಟ, ನಡುವೆ ಕಾಲುವೆ, ರಾತ್ರಿ ಬಣ್ಣದ ದೀಪ. ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿತ್ತು. ಅದೇ ಕಾವೇರಿಯ ಶಕ್ತಿಯನ್ನು ಸುಮ್ಮನೆ ನೋಡಿ ಸಂತೋಷಪಡಲಿಕ್ಕೂ ಬಳಸಬಹುದೆಂದು ಮಿರ್ಜಾ ತೋರಿಸಿದರು. ಆಮೇಲೆ ಮೂರು ತಲೆಮಾರಿನ ಶಾಲಾ ಪ್ರವಾಸದ ಬಸ್ಸುಗಳು, ಹೊಸ ಮದುವೆಯ ಜೋಡಿಗಳು, ತಮಿಳು, ತೆಲುಗು, ಹಿಂದಿ ಸಿನಿಮಾಗಳ ಹಾಡುಗಳು ಇಲ್ಲಿಗೆ ಬಂದವು. ಕರ್ನಾಟಕದ ಸರ್ಕಾರಿ ವಿಹಾರಧಾಮಗಳಲ್ಲಿ ಯೋಚನೆ ಮಾಡಿ ಕಟ್ಟಿದ್ದು ಯಾವುದಾದರೂ ಇದ್ದರೆ ಅದು ಬೃಂದಾವನ. ಆದರೂ ಅದು ಅಣೆಕಟ್ಟಿನ ಅಂಗಳವೇ. ಇಂದು ಅದು ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ, ಗಿಡಗಳ ಆರೈಕೆ ತೋಟಗಾರಿಕೆಯವರದು. 2022ರಲ್ಲಿ ಚಿರತೆಯೊಂದು ಒಳಗೆ ಕಾಣಿಸಿಕೊಂಡಾಗ ಹಿಡಿಯಬೇಕಾದವರು ಅರಣ್ಯ ಇಲಾಖೆಯವರು. ವಾರಗಟ್ಟಲೆ ಉದ್ಯಾನದ ಬಾಗಿಲು ಮುಚ್ಚಿತ್ತು.

ಇಷ್ಟು ಹೇಳಿದ ಮೇಲೂ ಪ್ರವಾಸೋದ್ಯಮ ಇಲಾಖೆ ಎಲ್ಲಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ದೆಹಲಿಯಲ್ಲೇ ಅದು ತಡ. 1945ರಲ್ಲಿ ಜಾನ್ ಸಾರ್ಜೆಂಟ್ ಅಧ್ಯಕ್ಷತೆಯ ಸಮಿತಿಯೊಂದು ಕೂತಿತು, ಪ್ರತ್ಯೇಕ ಇಲಾಖೆ ಬಂದದ್ದು 1958ರಲ್ಲಿ. ಮೈಸೂರು ರಾಜ್ಯದಲ್ಲಿ ಪ್ರವಾಸೋದ್ಯಮ ಬಹಳ ಕಾಲ ವಾರ್ತಾ ಇಲಾಖೆಯ ಮಗ್ಗುಲಲ್ಲಿತ್ತು. ಅಂದರೆ ಕೆಲಸ ಭಿತ್ತಿಪತ್ರ ಅಚ್ಚುಹಾಕುವುದು. ಹೊಯ್ಸಳ ಶಿಲಾಬಾಲಿಕೆಯ ಚಿತ್ರ, ಕೆಳಗೊಂದು ಆಮಂತ್ರಣ. ಆಮಂತ್ರಣ ಕೊಡುವವರಿಗೆ ಮನೆ ಇರಲಿಲ್ಲ. ಬೇಲೂರು ಪುರಾತತ್ವ ಇಲಾಖೆಯದು, ಜೋಗ ವಿದ್ಯುತ್ತಿನವರದು, ಬಂಡೀಪುರ ಅರಣ್ಯದವರದು, ನಂದಿ ಬೆಟ್ಟ ತೋಟಗಾರಿಕೆಯವರದು. 1971ರಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿ ಮಯೂರ ಹೆಸರಿನ ಹೋಟೆಲುಗಳು ಬಂದ ಮೇಲೆ ಕೊನೆಗೂ ಸ್ವಂತದ ಒಂದಷ್ಟು ಕೋಣೆಗಳಾದವು.

ಪದದ ಬಗ್ಗೆ ಒಂದು ಮಾತು. ಮುಂಬೈಯ ಲೋಕಲ್ ರೈಲಿನ ಮರಾಠಿ ಘೋಷಣೆಯಲ್ಲಿ ಪ್ರವಾಸಿ ಎಂದರೆ ವಿರಾರಿಗೆ ಹೋಗುವ ಗುಮಾಸ್ತನೂ ಹೌದು, ಬರೀ ಪ್ರಯಾಣಿಕ. ನೋಡಲು ಹೊರಟವನಿಗೆ ಅಲ್ಲಿ ಪರ್ಯಟಕ ಎನ್ನುತ್ತಾರೆ. ತಮಿಳಿನಲ್ಲಿ ಸುತ್ತುಲಾ, ಸುಮ್ಮನೆ ಸುತ್ತಾಡುವುದು. ಕನ್ನಡವೊಂದೇ ಪ್ರವಾಸಕ್ಕೆ ಉದ್ಯಮವನ್ನು ಅಂಟಿಸಿ ಪ್ರವಾಸೋದ್ಯಮ ಎಂದು ಗಟ್ಟಿ ಮಾಡಿಕೊಂಡಿತು. ಪ್ರವಾಸಿ ಮಂದಿರದ ಪ್ರವಾಸಿ ಅಧಿಕಾರಿಯಾಗಿದ್ದ, ಪ್ರವಾಸೋದ್ಯಮದ ಪ್ರವಾಸಿ ಗಿರಾಕಿಯಾದ. ಈ ಎರಡರ ನಡುವೆ ಸ್ಥಳೀಯನಿಗೆ ಪದ ಇರಲಿಲ್ಲ.

ಉದ್ಯಮವಾಗಿ ಗೆದ್ದದ್ದು ಕಬಿನಿಯಲ್ಲಿ. 1980ರಲ್ಲಿ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಜತೆ ಸೇರಿ ಜಂಗಲ್ ಲಾಡ್ಜಸ್ ಕಂಪನಿ ಆರಂಭಿಸಿತು. ಕಾರಾಪುರದ ಹಳೆಯ ಬೇಟೆ ಬಂಗಲೆಗಳಲ್ಲಿ, ಕರ್ನಲ್ ವೇಕ್‌ಫೀಲ್ಡ್ ಎಂಬ ಮಾಜಿ ಬೇಟೆಗಾರ, ಆಮೇಲಿನ ಕಾಡುಪ್ರೇಮಿ, ಅದನ್ನು ನಡೆಸಿದರು. ಬೇಸಿಗೆಯಲ್ಲಿ ಅಲ್ಲಿ ನೂರಾರು ಆನೆಗಳು ಸೇರುವುದು ಪ್ರಸಿದ್ಧ. ಆ ನೋಟವೂ ಅಣೆಕಟ್ಟಿನದೇ ಕೊಡುಗೆ. ಕಬಿನಿಗೆ 1974ರಲ್ಲಿ ಕಟ್ಟೆ ಕಟ್ಟಿದ ಮೇಲೆ ಹಿನ್ನೀರು ಇಳಿದಾಗ ತೆರೆದ ಅಂಚಿನಲ್ಲಿ ಹಸಿ ಹುಲ್ಲು ಹುಟ್ಟುತ್ತದೆ, ಆನೆಗಳು ಅದಕ್ಕೆ ಬರುತ್ತವೆ. ನೀರಾವರಿ ಇಲಾಖೆಯ ಯಾವ ನಕ್ಷೆಯಲ್ಲೂ ಆನೆ ಬರೆದಿರಲಿಲ್ಲ. ಜೋಗದಲ್ಲಿ ಅಣೆಕಟ್ಟು ನೋಟವನ್ನು ಕಿತ್ತುಕೊಂಡಿತು, ಇಲ್ಲಿ ಕೊಟ್ಟಿತು. ಎರಡೂ ಕಡೆ ಪ್ರವಾಸಿಗನನ್ನು ಯಾರೂ ಕೇಳಿರಲಿಲ್ಲ.

ನಂದಿಯದು ಚಿಕ್ಕ ಕತೆ. ಟಿಪ್ಪುವಿನ ಬೇಸಿಗೆ ಮನೆ, ಕಮಿಷನರ್ ಕಬ್ಬನ್ನರ ಬಂಗಲೆ, 1986ರ ಸಾರ್ಕ್ ಸಮ್ಮೇಳನದ ನಾಯಕರ ವಿಶ್ರಾಂತಿ, ಎಲ್ಲ ಆಯಿತು. ಬೆಟ್ಟ ದಶಕಗಳ ಕಾಲ ತೋಟಗಾರಿಕೆಯವರ ಕೈಯಲ್ಲಿದ್ದದ್ದರಿಂದ ಅಲ್ಲಿ ಮರ ಉಳಿದವು, ಕಕ್ಕಸುಗಳು ಹೇಳಿಕೊಳ್ಳುವಂತಿರಲಿಲ್ಲ. ಈಚೆಗೆ ಪ್ರವಾಸೋದ್ಯಮ ಇಲಾಖೆಗೆ ಹೋಗಿ ರೋಪ್‌ವೇಯ ಮಾತು ನಡೆಯುತ್ತಿದೆ. ಬೆಟ್ಟದ ನೆತ್ತಿಯಿಂದ ಸೂರ್ಯೋದಯ ನೋಡುವ ಬೆಂಗಳೂರಿನ ಬೈಕುಗಳಿಗೆ ಇಲಾಖೆ ಯಾವುದಾದರೇನು. 2021ರ ಆಗಸ್ಟಿನಲ್ಲಿ ಭೂಕುಸಿತವಾಗಿ ರಸ್ತೆ ಕೊಚ್ಚಿಹೋದಾಗ ಮಾತ್ರ ಗೊತ್ತಾಯಿತು: ಬೆಟ್ಟ ಒಬ್ಬರದು, ರಸ್ತೆ ಇನ್ನೊಬ್ಬರದು. ಮೂರು ತಿಂಗಳು ಬಾಗಿಲು ಹಾಕಿತ್ತು.

ಇಲಾಖೆಗಳ ಈ ಗೋಜಲನ್ನು ಬಿಡಿಸಿ ಎಲ್ಲವನ್ನೂ ಒಬ್ಬರಿಗೆ ಒಪ್ಪಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಜೋಗಕ್ಕೂ ಖಾಸಗಿಯವರಿಂದ ಯೋಜನೆಗಳು ಬಂದವು. ಬಿದ್ದ ನೀರನ್ನು ಮತ್ತೆ ಮೇಲಕ್ಕೆತ್ತಿ ವರ್ಷವಿಡೀ ಬೀಳಿಸುವ ಆಲೋಚನೆಯೂ ಬಂದು ನಿಂತುಹೋಯಿತು. ಆದರೆ ಗೋಜಲಿನಿಂದ ಹೆಚ್ಚು ಕಳೆದುಕೊಂಡವರು ಪ್ರವಾಸಿಗರಲ್ಲ. ಪ್ರವಾಸಿಗ ಕಪ್ಪು ಬಂಡೆ ನೋಡಿ ಗೊಣಗಿ, ಮಿರ್ಚಿ ತಿಂದು, ಮುರುಡೇಶ್ವರಕ್ಕೆ ಹೋಗುತ್ತಾನೆ.

ಲಿಂಗನಮಕ್ಕಿ ತುಂಬಿದಾಗ ಅಡಕೆ ತೋಟ, ಗದ್ದೆ, ದೇವಸ್ಥಾನಗಳ ಸಮೇತ ಊರುಗಳು ಮುಳುಗಿದವು. ಅಲ್ಲಿನ ದೀವರು, ಹವ್ಯಕರು, ಒಕ್ಕಲಿಗರು, ಹಸಲರು ಲಾರಿಗಳಲ್ಲಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳ ಕಡೆಗೆ ಹೋದರು. ಕೊಟ್ಟ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಅರಣ್ಯದ ಪಟ್ಟಿಯಿಂದ ತೆಗೆಯಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಹಕ್ಕುಪತ್ರದ ತಕರಾರು ಮೂರನೆಯ ತಲೆಮಾರಿಗೆ ಬಂದು ನಿಂತಿದೆ. ರಾಜ್ಯಕ್ಕೆ ಕರೆಂಟು ಕೊಟ್ಟವರ ಮನೆಗಳಲ್ಲೇ ಎಷ್ಟೋ ವರ್ಷ ಚಿಮಣಿ ದೀಪ ಉರಿಯಿತು ಎಂಬುದು ಮಲೆನಾಡಿನಲ್ಲಿ ಹಳಸಿದ ಮಾತು, ಸುಳ್ಳಲ್ಲದ ಮಾತು ಕೂಡ.

ಊರು ಬಿಡದವರೂ ಇದ್ದರು. ಹಿನ್ನೀರಿನ ಆಚೆ ಕರೂರು, ಬಾರಂಗಿ ಹೋಬಳಿಗಳಲ್ಲಿ, ತುಮರಿಯ ಸುತ್ತ, ನೀರು ಮೂರು ಬದಿ ಸುತ್ತುವರಿದ ಜಾಗದಲ್ಲಿ ಅವರು ಉಳಿದರು. ಸಾಗರ ಪೇಟೆಗೆ ಹೋಗಲು ಇದ್ದದ್ದು ಲಾಂಚು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಒಳನಾಡು ಜಲಸಾರಿಗೆ ಇಲಾಖೆ ನಡೆಸುತ್ತಿದ್ದ, ಬಸ್ಸನ್ನೂ ಹೊತ್ತು ದಾಟುವ ಕಬ್ಬಿಣದ ಹಾಸು. ಕತ್ತಲಾದ ಮೇಲೆ ಲಾಂಚಿಲ್ಲ. ಹೆರಿಗೆ ನೋವು, ಹಾವು ಕಡಿತ, ಹೃದಯಾಘಾತ ಇವಕ್ಕೆ ಹೊತ್ತುಗೊತ್ತಿಲ್ಲ. ಬೇಸಿಗೆಯಲ್ಲಿ ವಿದ್ಯುತ್ತಿಗಾಗಿ ಜಲಾಶಯ ತೀರಾ ಇಳಿದರೆ ದಡಕ್ಕೆ ಲಾಂಚು ತಾಗುತ್ತಿರಲಿಲ್ಲ, ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು.

ಆಮೇಲೆ ಸಿಗಂದೂರು ಚೌಡೇಶ್ವರಿಯ ಖ್ಯಾತಿ ಬೆಳೆಯಿತು. ವಾರಾಂತ್ಯಕ್ಕೆ ನಾಡಿನ ಮೂಲೆಮೂಲೆಯಿಂದ ಕಾರುಗಳು ಅಂಬಾರಗೋಡ್ಲಿನಲ್ಲಿ ಸಾಲುಗಟ್ಟಿದವು. ಭಕ್ತರಿಗೆ ಲಾಂಚೇ ಅರ್ಧ ಸಂತೋಷ: ಸುತ್ತ ನೀಲಿ ನೀರು, ನಡುವೆ ಮುಳುಗಿದ ಗುಡ್ಡಗಳ ತುದಿ, ಗಾಳಿ, ಸೆಲ್ಫಿ. ಅದೇ ಸಾಲಿನಲ್ಲಿ ಅಡಕೆ ಮೂಟೆಯ ಜೀಪು, ಕಾಲೇಜಿನ ಮಕ್ಕಳು, ಆಸ್ಪತ್ರೆಯಿಂದ ಮನೆಗೆ ಮರಳುವ ಮುದುಕಿ. ಪರಿಹಾರವಾಗಿ ಕೊಟ್ಟ ದೋಣಿ ಪ್ರವಾಸಿ ಆಕರ್ಷಣೆಯಾಗಿ, ಅದರಲ್ಲಿ ಜಾಗಕ್ಕಾಗಿ ಅದರ ಹಕ್ಕುದಾರರೇ ಕಾಯುವಂತಾಯಿತು. ಹಳೆಯ ಟಿ.ಬಿ.ಯ ಲೆಕ್ಕ ಇಲ್ಲಿ ತಲೆಕೆಳಗಾಗಿತ್ತು: ಈಗ ಉಳಿಕೆ ಜಾಗ ಊರಿನವರಿಗೆ.

ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಹಿನ್ನೀರಿನ ನಡುವಿನಿಂದ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. ಅರವತ್ತು ವರ್ಷ ಮುಳುಗಿದ್ದರೂ ಗಾರೆ ಗಟ್ಟಿ. ಸೈಫನ್‌ಗಳ ಬಾಯಿ ಹಾಗೇ ಕಾಣುತ್ತದೆ. ಜನ ಗುಂಪುಗಟ್ಟಿ ನೋಡಲು ಹೋಗುತ್ತಾರೆ. ಅದೇ ವಾರಗಳಲ್ಲಿ ಕೆಳಗೆ ಜೋಗದ ರೇಲಿಂಗಿನ ಬಳಿ ಯಾರೂ ಇರುವುದಿಲ್ಲ. ಮುಳುಗಿದ ಊರಿನವರು ಕೆಲವರು ತಮ್ಮ ಮನೆಯ ಅಡಿಪಾಯ, ಬಾವಿಯ ಕಟ್ಟೆ ಹುಡುಕಿಕೊಂಡು ಒಣಗಿದ ಕೆಸರಿನ ಮೇಲೆ ನಡೆಯುತ್ತಾರೆ. ಅವರು ಯಾವ ಇಲಾಖೆಯ ಲೆಕ್ಕದಲ್ಲೂ ಪ್ರವಾಸಿಗರಲ್ಲ.

2025ರ ಆರಂಭದಲ್ಲಿ ಪ್ರವೇಶದ್ವಾರದ ಕೆಲಸಕ್ಕೆಂದು ಜೋಗವನ್ನು ಕೆಲವು ತಿಂಗಳು ಮುಚ್ಚಿದರು. ಬಂಡೆ ಒಣಗುವ ತಿಂಗಳುಗಳಾದ್ದರಿಂದ ಹೆಚ್ಚು ಗದ್ದಲವಾಗಲಿಲ್ಲ. ಆ ವರ್ಷ ಜುಲೈ 14ರಂದು ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಕಟ್ಟಿಸಿದ್ದು ಕೇಂದ್ರದ ಹೆದ್ದಾರಿ ಇಲಾಖೆ, ಹೆಸರು ಸಿಗಂದೂರು ಚೌಡೇಶ್ವರಿಯದು. ತುಮರಿಯ ಕಡೆಯವರು ಅದನ್ನು ಕೇಳಲು ಶುರುಮಾಡಿದ್ದು ದೇವಸ್ಥಾನಕ್ಕೆ ಕಾರುಗಳು ಬರುವುದಕ್ಕೂ ಬಹಳ ಮುಂಚೆ. ಮೊದಲ ದಿನಗಳಲ್ಲಿ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುವವರಿಂದ ಸಂಚಾರಕ್ಕೆ ತೊಂದರೆಯಾಯಿತು. ರಾತ್ರಿ ಹೊತ್ತು ಅವರು ಇರಲಿಲ್ಲ. ಆ ದಡದಿಂದ ರಾತ್ರಿ ಸಾಗರದ ಆಸ್ಪತ್ರೆಗೆ ಹೊರಟ ಗಾಡಿಗೆ, 1964ರ ನಂತರ ಮೊದಲ ಸಲ, ಬೆಳಗಾಗುವುದನ್ನು ಕಾಯಬೇಕಿರಲಿಲ್ಲ.